ಮೀನಿನ ಬಕೆಟ್ಟು

ಮಗಳ ಬಾಯಿಗೆ ಇನ್ನೂ ಒಂದು ತುತ್ತೂ ಇಟ್ಟಿರಲಿಲ್ಲ, ಇವತ್ತೂ ಕೂಗಿಬಿಟ್ಟರು. ನಾನು ಉಣ್ಣಿಸಲು ಕೂತಾಗಲೇ ಕೆಲಸಕ್ಕಿರುವ ಈ ಮನೆಯ ಯಜಮಾನರಿಗೆ ನನ್ನ ನೆನಪಾಗುವುದು.

ಮೇದಪ್ಪ ಸಾಹೇಬರಿಗೆ ಮನೆಯಲ್ಲೇ ಬಿಯರ್ ಮಾಡುವ ಹುಚ್ಚು. ಮೂರನೇ ಸಲವೂ ಅದು ಆಸ್ಪತ್ರೆಯ ವಾಸನೆ ಹೊಡೆಯುತ್ತಿತ್ತು.

"ನಾಗಮಣಿ, ನೀನು ಪಾತ್ರೆ ಸರಿಯಾಗಿ ತೊಳೆದಿಲ್ಲ. ನಾಳೆಯಿಂದ ಕೆಲಸಕ್ಕೆ ಬರಬೇಡ!"

ಈ ಕೆಲಸ ಹೋದರೆ ನಮ್ಮ ಒಲೆ ಉರಿಯುವುದಿಲ್ಲ. ಆದರೂ ತಗ್ಗಿದ ದನಿಯಲ್ಲೇ ಹೇಳಿದೆ: "ಆಗಲಿ ಸಾರ್. ಹೋಗುವ ಮುಂಚೆ ನಿಮ್ಮ ಮೀನಿನ ತೊಟ್ಟಿ ತುಂಬಿಸಿಬಿಡುತ್ತೇನೆ."

ನಲ್ಲಿಯಿಂದ ಆಗಷ್ಟೇ ಹಿಡಿದ ಕೊಡ ಎತ್ತಿದೆ.

"ಅಯ್ಯೋ, ನಿಲ್ಲು! ಮೀನೆಲ್ಲ ಸತ್ತುಹೋಗುತ್ತವೆ! ನೀರನ್ನು ಒಂದು ದಿನ ಬಕೆಟ್ಟಿನಲ್ಲಿ ತೆರೆದಿಡು ಅಂತ ಎಷ್ಟು ಸಲ ಹೇಳಿದ್ದೇನೆ?"

"ಯಾಕೆ ಸಾರ್?"

"ಬ್ಲೀಚಿಂಗ್ ಪೌಡರ್ ವಾಸನೆ ಹೋಗಬೇಕಲ್ಲ!"

"ಬಿಯರಿಗೆ ಯಾವ ನೀರು ಹಾಕಿದಿರಿ ಸಾರ್?"

ಸಾಹೇಬರು ನಲ್ಲಿಯನ್ನು ನೋಡಿದರು. ಮೀನನ್ನು ನೋಡಿದರು. ಆಮೇಲೆ ಮೆಲ್ಲಗೆ, "ಇನ್ನೊಂದು ಬಕೆಟ್ಟು ತುಂಬಿಸಿಡು. ನಾಳೆ ಬೇಗ ಬಾ," ಎಂದರು.

ಗೆದ್ದ ಖುಷಿಯಲ್ಲಿ ಬಂದು ಮಗಳ ಮುಂದೆ ಕೂತೆ. ಲೋಟದ ನೀರು ಮೂಸಿ ಅವಳು ಕೇಳಿದಳು:

"ಅಮ್ಮ, ಮೀನಿಗೂ ಬಿಯರಿಗೂ ಬಕೆಟ್ಟಿನ ನೀರು. ನಮಗೆ ಮಾತ್ರ ಯಾಕೆ ನಲ್ಲಿ ನೀರು?"