ಗೋಡೆ ದಾಟಿದ ಕುಂಬಳಕಾಯಿ

ಬೆಟಗೇರಿಯ ಒಂದು ಓಣಿಯಲ್ಲಿ ತಬಿತಾ ಎಂಬ ಹೆಣ್ಣುಮಗಳಿದ್ದಳು. ಅವಳ ಚರ್ಚಿನ ಸಭೆಯಲ್ಲಿ ವರ್ಷಕ್ಕೊಮ್ಮೆ ಸುಗ್ಗಿಯ ಆರಾಧನೆ. ಆ ಭಾನುವಾರ ಪ್ರತಿಯೊಬ್ಬರೂ ಮನೆಯಲ್ಲಿ ಬೆಳೆದ ಫಲವನ್ನು ತಂದು, ಹೆಸರಿನ ಚೀಟಿ ಅಂಟಿಸಿ, ವೇದಿಯ ಮುಂದೆ ಇಡಬೇಕು. ತಬಿತಾ ಪ್ರತಿ ಸಲ ಪೇಟೆಯ ತೆಂಗಿನಕಾಯಿ ಇಟ್ಟು ಬರುತ್ತಿದ್ದಳು.

ಹೋದ ವರ್ಷ ಅದೇ ಸಭೆಯ ಸಾರಮ್ಮ ಎಲ್ಲರೆದುರು ಕೇಳಿಬಿಟ್ಟಳು. "ಅಲ್ಲ ತಬಿತಾ, ನಿಮ್ಮ ಹಿತ್ತಲದಾಗ ತೆಂಗಿನ ಗಿಡ ಯಾವಾಗ ಹುಟ್ಟಿತು?"

ಎಲ್ಲರೂ ನಕ್ಕರು. ತಬಿತಾಳೂ ನಕ್ಕಳು. ಆ ಮಾತು ಮಾತ್ರ ವರ್ಷವಿಡೀ ಅವಳನ್ನು ಚುಚ್ಚುತ್ತಿತ್ತು.

ಈ ವರ್ಷ ಅವಳು ಹಿತ್ತಲಲ್ಲಿ ಕುಂಬಳದ ಬೀಜ ಊರಿದಳು. ಬಳ್ಳಿ ಗೋಡೆ ದಾಟಿ, ಪಕ್ಕದ ಮನೆಯ ನೀಲವ್ವನ ತಗಡಿನ ಚಾವಣಿಯ ಮೇಲೆ ಹೋಗಿ ಒಂದು ಕಾಯಿ ಬಿಟ್ಟಿತು. ತಗಡು ಕಾದೀತೆಂದು ನೀಲವ್ವ ಅದರ ಕೆಳಗೆ ಗೋಣಿಚೀಲ ಹಾಸಿದಳು. ಮಂಗ ಬಂದರೆ ಕೋಲು ಹಿಡಿದು ಓಡಿಸಿದಳು. ಬಸುರಿ ಮಗಳ ಕುಬಸದ ಶಾಸ್ತ್ರಕ್ಕೆ ಇದರದೇ ಸಿಹಿ ಗಾರಿಗೆ ಕರಿಯಲೇ ಎಂದು ಗೋಡೆಯಾಚೆಯಿಂದ ಕೇಳಿದಳು. ಇನ್ನೊಂದು ಕಾಯಿ ಹೇಗೂ ಬಿಡುತ್ತದಲ್ಲ ಎಂದು ತಬಿತಾ ಹೂಂ ಅಂದಳು.

ಇನ್ನೊಂದು ಕಾಯಿ ಬಿಡಲೇ ಇಲ್ಲ.

ಸುಗ್ಗಿಯ ಆರಾಧನೆಯ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ನೀಲವ್ವ ಸಂತೆಗೆ ಹೋದಾಗ ತಬಿತಾ ಸ್ಟೂಲು ಹತ್ತಿ ಕಾಯಿ ಕೊಯ್ದಳು. ಬೇರು ನನ್ನ ಕಡೆಯದು, ಕೊಡುವುದೂ ದೇವರಿಗೇ ಎಂದು ತನಗೆ ತಾನೇ ಹೇಳಿಕೊಂಡಳು.

ಭಾನುವಾರ ಬೆಳಿಗ್ಗೆ ಕಾಯಿಯ ಚೀಲ ಎತ್ತಿಕೊಳ್ಳುವಾಗ ಗೋಡೆಯಾಚೆ ಜಗಳ ಕೇಳಿಸಿತು. ಕುಂಬಳಕಾಯಿ ಎಲ್ಲಿ ಎಂದು ನೀಲವ್ವ ತನ್ನ ಮನೆಯ ಭಾಂಡೆ ಪಾತ್ರೆ ತಿಕ್ಕುವ ದುರಗವ್ವನನ್ನು ಹಿಡಿದು ನಿಲ್ಲಿಸಿದ್ದಳು. ನಿನ್ನೆ ಮೆಣಸಿನಕಾಯಿ ಒಣಹಾಕಲು ತಗಡು ಹತ್ತಿದವಳು ಅವಳೊಬ್ಬಳೇ. ನಿಜ ಹೇಳದಿದ್ದರೆ ಕೆಲಸ ಬಿಡಿಸುವೆ, ಓಣಿಯಲ್ಲಿ ಯಾರೂ ಬಾಗಿಲಿಗೆ ಬಿಟ್ಟುಕೊಳ್ಳದಂತೆ ಮಾಡುವೆ ಎನ್ನುತ್ತಿದ್ದಳು. ತಾನಲ್ಲವೆಂದು ದುರಗವ್ವ ಮಕ್ಕಳ ಮೇಲೆ ಆಣೆ ಇಡುತ್ತಿದ್ದಳು.

ತಬಿತಾ ಚೀಲ ಕೆಳಗಿಟ್ಟಳು, ಮತ್ತೆ ಎತ್ತಿಕೊಂಡಳು. ಆರಾಧನೆ ಮುಗಿಸಿ ಬಂದು ಹೇಳಿದರಾಯಿತು ಎಂದುಕೊಂಡು ಹಿಂಬಾಗಿಲಿನಿಂದ ಹೊರಬಿದ್ದಳು.

ವೇದಿಯ ಮುಂದೆ ಅವಳ ಕಾಯಿಯೇ ಎಲ್ಲಕ್ಕಿಂತ ದೊಡ್ಡದು. ಸಾರಮ್ಮ ಕೂಡ ಬಂದು ಮುಟ್ಟಿ ನೋಡಿ ಹೋದಳು. ತಬಿತಾಳಿಗೆ ಅದು ಬೇಕಿತ್ತು. ಈಗ ಬೇಡವಾಗಿತ್ತು. ಕಿವಿಯಲ್ಲಿ ದುರಗವ್ವನ ಆಣೆಯೇ ಕೇಳುತ್ತಿತ್ತು.

ಆ ದಿನ ವಾಕ್ಯ ಓದುವ ಸರದಿ ಅವಳದೇ. ಗುರುತು ಇಟ್ಟ ಪುಟ ತೆರೆದಳು. ಕಾಣಿಕೆ ತಂದಾಗ ನಿನ್ನಿಂದ ಯಾರಿಗಾದರೂ ನೋವಾಗಿದೆಯೆಂದು ನೆನಪಾದರೆ, ಮೊದಲು ಹೋಗಿ ಅವರ ಸಂಗಡ ಸಮಾಧಾನ ಮಾಡಿಕೋ, ಆಮೇಲೆ ಬಂದು ಕಾಣಿಕೆ ಕೊಡು ಎಂಬ ಯೇಸುವಿನ ಮಾತು ಅಲ್ಲಿತ್ತು. ಎಷ್ಟೋ ಸಲ ಓದಿದ ಮಾತೇ. ಇಂದು 'ಮೊದಲು' ಎಂಬಲ್ಲಿ ದನಿ ನಿಂತಿತು.

ಆರಾಧನೆ ಮುಗಿಯಲು ಇನ್ನೂ ಒಂದೂವರೆ ಗಂಟೆ. ಅಷ್ಟರಲ್ಲಿ ದುರಗವ್ವ ಕಳ್ಳಿಯೆಂದು ಹೆಸರು ಹೊತ್ತು ಹೋಗಿರುತ್ತಾಳೆ. ಎದ್ದು ಹೋದರೆ ಸಭೆಯೆಲ್ಲ ತನ್ನನ್ನೇ ನೋಡುತ್ತದೆ.

ತಬಿತಾ ವಾಕ್ಯ ಓದಿ ಮುಗಿಸಿದಳು. ತನ್ನ ಜಾಗಕ್ಕೆ ಹೋಗಲಿಲ್ಲ. ಕುಂಬಳಕಾಯಿ ಎತ್ತಿ ಸೊಂಟಕ್ಕೆ ಇಟ್ಟುಕೊಂಡು, ಎರಡು ಸಾಲಿನ ನಡುವೆ ತಲೆ ತಗ್ಗಿಸಿ ನಡೆದಳು.

"ಕಾಣಿಕಿ ವಾಪಸ್ ಒಯ್ಯೋದು ಇದs ಮೊದಲ ನೋಡಿದ್ದು," ಎಂದು ಸಾರಮ್ಮ ಪಕ್ಕದವಳ ಕಿವಿಯಲ್ಲಿ ಅಂದದ್ದು ಅವಳಿಗೂ ಕೇಳಿಸಿತು. ಅವಳು ನಿಲ್ಲಲಿಲ್ಲ.

ದುರಗವ್ವ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ನೀಲವ್ವನ ಮೆಟ್ಟಿಲು ಇಳಿಯುತ್ತಿದ್ದಳು. ತಬಿತಾ ಓಡಿಹೋಗಿ ಅವಳಿಗೆ ಅಡ್ಡ ನಿಂತು, ಬಾಗಿಲಲ್ಲಿದ್ದ ನೀಲವ್ವನಿಗೆ ಹೇಳಿದಳು.

"ಅಕ್ಕಾರ, ಕಾಯಿ ಕೊಯ್ದಾಕಿ ನಾನು."

ನೀಲವ್ವ ಕಾಯಿ ನೋಡಿದಳು, ಅದರ ಮೇಲಿನ ಚೀಟಿ ನೋಡಿದಳು. ಮೆಟ್ಟಿಲು ಇಳಿದು ಬಂದಳು.

"ನನಗೇನ ಹೇಳ್ತಿ? ನಾನೂ ತಪ್ಪs ಮಾಡೀನಿ. ಮೊದಲ ಆಕಿಗೆ ಹೇಳೂಣು."

ಇಬ್ಬರೂ ದುರಗವ್ವನ ಮುಂದೆ ನಿಂತರು. ತಪ್ಪಾಯಿತು ಎಂದರು. ದುರಗವ್ವ ಹೋಗಲಿ ಬಿಡಿ ಎನ್ನಲಿಲ್ಲ. ಮೂಗು ಸೀಟಿಕೊಂಡು ತಬಿತಾಳನ್ನು ನೋಡಿದಳು.

"ಕುಬಸದ ದಿನ ಭಾಂಡೆ ಭಾಳ ಬೀಳ್ತಾವರಿ ಬಾಯಾರ. ನನ್ನ ಕೂಡ ತಿಕ್ಕಾಕ ಬರ್ತೀರೇನು?"

"ಬರ್ತೀನಿ," ಎಂದಳು ತಬಿತಾ.

ಕಾಯಿ ಅಲ್ಲೇ ಬಿಟ್ಟು ಅವಳು ಸಭೆಗೆ ಮರಳಿದಾಗ ಕೊನೆಯ ಕೀರ್ತನೆ ನಡೆದಿತ್ತು. ವೇದಿಯ ಮುಂದೆ ಅವಳ ಜಾಗವೊಂದೇ ಖಾಲಿ. ಎಲ್ಲರೂ ತಿರುಗಿ ನೋಡಿದರು. ಅವಳು ಬರಿಗೈಯನ್ನು ಜೋಡಿಸಿ ನಿಂತಳು. ಕಿವಿಯಲ್ಲಿ ಈಗ ದುರಗವ್ವನ ಆಣೆ ಕೇಳುತ್ತಿರಲಿಲ್ಲ.

ನೀತಿ: ಕಾಣಿಕೆ ತಡವಾದರೆ ದೇವರು ಕಾಯುತ್ತಾನೆ. ನಮ್ಮಿಂದ ನೊಂದವರನ್ನು ಕಾಯಿಸುವ ಹಕ್ಕು ನಮಗಿಲ್ಲ. ವಾಕ್ಯವನ್ನು ಬಾಯಿ ಓದಿದರೆ ಸಾಲದು, ಕಾಲು ನಡೆಯಬೇಕು.