ಷಡ್ಡಕ ಎಳೆದ ಕಾರು

ರೈಸ್ ಮಿಲ್ಲಿನ ಚೆನ್ನವೀರಪ್ಪನವರ ಕಾರು ಶೆಡ್ಡಿನಲ್ಲಿ ಎಷ್ಟು ಕಾಲ ಮಲಗಿತ್ತೆಂದರೆ, ಅದರೊಳಗೆ ಇಲಿಗಳ ಮೊಮ್ಮಕ್ಕಳ ಮದುವೆಯೂ ಆಗಿಹೋಗಿತ್ತು. ಅಷ್ಟರಲ್ಲಿ ಅವರ ಷಡ್ಡಕ ಮುರಿಗೆಪ್ಪ ಹೊಸ ಕಾರು ಕೊಂಡ. ಚೆನ್ನವೀರಪ್ಪನವರಿಗೆ ಅನ್ನ ಸೇರದಾಯಿತು.

“ನಾಳೆ ಮಾವನ ಮನೆ ಗೃಹಪ್ರವೇಶ. ನಮ್ಮ ಕಾರಲ್ಲೇ ಹೋಗ್ಬೇಕು. ಅದನ್ನ ಯಾರಾದ್ರೂ ತಳ್ಳಿದ್ದು ಕಂಡ್ರೆ ನಿನ್ನ ಕೆಲಸ ಹೋಯ್ತು,” ಎಂದರು ಡ್ರೈವರಿಗೆ.

ಡ್ರೈವರ್ ಇಲಿಗೂಡು ತೆಗೆದ, ಬ್ಯಾಟರಿ ಬದಲಿಸಿದ, ಗಾಳಿ ತುಂಬಿದ. ಕಾರು ಕೆಮ್ಮಿತೇ ಹೊರತು ಏಳಲಿಲ್ಲ. ಎಳೆದರೆ ಎದ್ದೀತು, ಆದರೆ ಎಳೆಯುವವರು ಯಾರು? ಬೆಳಿಗ್ಗೆ ನೆಟ್ಟಗೆ ಮುರಿಗೆಪ್ಪನ ಮನೆಗೇ ಹೋದ.

“ನಿಮ್ಮ ಕಾರು ನೋಡೋಕಷ್ಟೇ ಚೆಂದವಂತೆ ಸಾವ್ಕಾರ್ರೆ. ನಮ್ಮ ಹಳೇದನ್ನ ಎಳೆಯೋ ತಾಕತ್ತೂ ಇಲ್ಲವಂತೆ.”

ಮುರಿಗೆಪ್ಪ ತಾನೇ ಹಗ್ಗ ತಂದು ಕಟ್ಟಿದ.

ಹಿಂದಿನ ಸೀಟಿನಲ್ಲಿ ಚೆನ್ನವೀರಪ್ಪನವರು ಕುದಿದರು. “ಅವನು ಮುಂದೆ, ನಾನು ಹಿಂದೆ. ಮಾನ ಹೋಯ್ತಲ್ಲೋ.”

“ಗಾಡಿಗೆ ಮುಂದೆ ಕಟ್ಟೋದು ಎತ್ತನ್ನಲ್ವೇ ಧಣಿ? ಯಜಮಾನ ಹಿಂದೆ ಕೂತಿರ್ತಾನೆ.”

ಧಣಿಯ ಮುಖ ಅರಳಿತು. ಬಜಾರಿನ ನಡುವೆ ಕಿಟಕಿಯಿಂದ ತಲೆ ಹೊರಹಾಕಿ, “ಹೈ, ಹೈ,” ಎಂದು ಷಡ್ಡಕನನ್ನು ಹೊಡೆದುಕೊಂಡು ಹೋದರು. ಬಜಾರೆಲ್ಲ ನಕ್ಕಿತು. ಅಷ್ಟರಲ್ಲಿ ಹಳೇ ಕಾರು ಗುಡುಗಿ ಎದ್ದಿತು. ಅದರ ಹೊಗೆಗೆ ಅಂಗಡಿಯವರು ಹಗಲಲ್ಲೇ ದೀಪ ಹಾಕಿದರು.

ಮುರಿಗೆಪ್ಪ ತನ್ನ ಕಾರು ನಿಲ್ಲಿಸಿ ಎಂಜಿನ್ ಆರಿಸಿದ. “ನನ್ನದೂ ಕೆಟ್ಟೋಯ್ತು ಅಣ್ಣ. ಈಗ ನೀವು ಎಳೀರಿ.”

“ನಮ್ಮ ಧಣಿಗೆ ಎಳೆದು ಅಭ್ಯಾಸವಿಲ್ಲ ಸಾವ್ಕಾರ್ರೆ,” ಎಂದ ಡ್ರೈವರ್, ಹಗ್ಗ ಬಿಚ್ಚಿ ಅವನ ಕೈಗಿಟ್ಟು, ಹಾರನ್ ಹೊಡೆಯುತ್ತ ಹೊರಟುಹೋದ.

ಯಾರಾದರೂ ಎಳೆಯುವ ತನಕ ಕದಲುವುದಿಲ್ಲವೆಂದು ಮುರಿಗೆಪ್ಪ ಪಟ್ಟು ಹಿಡಿದ. ಹೋಟೆಲಿನವರು ಈಗಲೂ ದಿನಾ ಅವನ ಚಹಾವನ್ನು ಆ ಕಾರಿಗೇ ಕಳಿಸುತ್ತಾರೆ.