ಕಾಡುಪಾಪ ಆರಿಸಿದ ಬಣ್ಣ

ಕಾಡುಪಾಪಕ್ಕೆ ತನ್ನ ಕಣ್ಣ ಸುತ್ತಲಿನ ಕಪ್ಪು ಸಾಕುಸಾಕಾಗಿತ್ತು. ಎದುರಾದವರೆಲ್ಲ "ಯಾಕಮ್ಮ, ನಿದ್ದೆ ಮಾಡಿಲ್ಲವೇ?" ಎಂದು ಕೇಳುವವರೇ. ಅಳಿಲಿನ ಮಗಳ ಮದುವೆಯ ಹೊತ್ತಿಗಾದರೂ ಅದನ್ನು ಮುಚ್ಚಿಕೊಳ್ಳಬೇಕೆಂದು, ಮಣ್ಣು ಅರೆದು ಬಣ್ಣ ಮಾಡಿಕೊಡುವ ಮುದಿ ಗೋಸುಂಬೆಯ ಹತ್ತಿರ ಹೋಯಿತು.

ಗೋಸುಂಬೆ ಎಲೆಯ ಮೇಲೆ ಐದಾರು ಬಣ್ಣಗಳನ್ನು ಇಟ್ಟಿತು. ಕಾಡುಪಾಪ ನೇರವಾಗಿ ಸುಣ್ಣದಂಥ ಬಿಳಿಗೆ ಕೈ ಹಾಕಿತು.

"ಅದು ಬೇಡ ಮಗಳೇ. ಒಂದೊಂದನ್ನೂ ಕೆನ್ನೆಗೆ ಚೂರು ಹಚ್ಚಿ ಬೆಳಕಿನಲ್ಲಿ ನೋಡು. ಯಾವುದು ಹಚ್ಚಿದ್ದೇ ಗೊತ್ತಾಗುವುದಿಲ್ಲವೋ ಅದು ನಿನ್ನ ಬಣ್ಣ."

"ಗೊತ್ತೇ ಆಗದಿದ್ದರೆ ಹಚ್ಚಿಕೊಂಡು ಏನು ಬಂತು ಅಜ್ಜ?" ಎಂದ ಕಾಡುಪಾಪ ಎರಡೂ ಕಣ್ಣಿನ ಸುತ್ತ ಬಿಳಿಯನ್ನು ದಪ್ಪಗೆ ಬಳಿದುಕೊಂಡು ಹೊರಟಿತು.

ನಾಲ್ಕು ಕೊಂಬೆ ದಾಟಿರಲಿಲ್ಲ, ಮೇಲೆ ಹಾರುತ್ತಿದ್ದ ಗಿಡುಗಕ್ಕೆ ಹಸಿರಿನ ನಡುವೆ ಎರಡು ಬಿಳಿ ಬಿಲ್ಲೆಗಳು ಕಂಡವು. ಅದು ನೆಟ್ಟಗೆ ಎರಗಿತು. ಕಾಡುಪಾಪ ಪೊದೆಯೊಳಗೆ ಬಿದ್ದು, ಮುಖವನ್ನು ಕೆಸರಿಗೆ ತಿಕ್ಕಿ, ಹೇಗೋ ಜೀವ ಉಳಿಸಿಕೊಂಡಿತು.

ಏದುಸಿರು ಬಿಡುತ್ತಾ ವಾಪಸು ಬಂದು ಗೋಸುಂಬೆಯ ಮರದ ಕಾಂಡಕ್ಕೆ ಒರಗಿ ಕೂತಿತು. ಎಲೆಯ ಮೇಲೆ ಬಣ್ಣಗಳಿದ್ದವು, ಅಜ್ಜ ಮಾತ್ರ ಇರಲಿಲ್ಲ.

"ಎಲ್ಲಿ ಹೋದಿರಿ ಅಜ್ಜ? ಆ ಗಿಡುಗ ನನ್ನನ್ನು ಮುಗಿಸಿಬಿಡುತ್ತಿತ್ತು. ನೀವಾದರೂ ತಪ್ಪಿಸಿಕೊಂಡಿರಾ?"

"ಅದು ಇಲ್ಲಿಗೂ ಬಂದು ಎರಡು ಸುತ್ತು ಹಾಕಿ ಹೋಯಿತು," ಎಂದಿತು ಬೆನ್ನ ಹಿಂದಿನ ತೊಗಟೆ. "ಸ್ವಲ್ಪ ಆಚೆ ಸರಿ ಮಗಳೇ, ನನ್ನ ಬಾಲದ ಮೇಲೆ ಕೂತಿದ್ದೀಯ."